ಎಡಕ್ಕೆ ತಿರುಗಿದ ತಂತಿ

ಕಾವೆಂಟ್ರಿ, ಇಂಗ್ಲೆಂಡ್
9 ಫೆಬ್ರವರಿ 2004

ಶ್ರೀಮತಿ ಗಿಲ್ರಾಯ್ ಅವರಿಗೆ,

ನನ್ನ ಹೆಸರು ಡಿಂಪ್ನಾ ಹೆಸ್ಸಿಯನ್. ನೆನಪಿದ್ದರೆ ಸಂತೋಷ, ಇಲ್ಲದಿದ್ದರೆ ತಪ್ಪು ತಿಳಿಯುವುದಿಲ್ಲ. ನಲವತ್ತೈದು ವರ್ಷ ಸಣ್ಣ ಮಾತಲ್ಲ. ನಿಮ್ಮ ವಿಳಾಸ ಕೊಟ್ಟವಳು ಗೊರೆಟ್ಟಿ ಟಿಯರ್ನಿ. ಇಲ್ಲಿನ ಐರಿಷ್ ಕ್ಲಬ್ಬಿನಲ್ಲಿ ಬುಧವಾರ ಬುಧವಾರ ನಮ್ಮಂಥವರು ಸೇರುತ್ತೇವೆ. ನಮ್ಮಂಥವರು ಎಂದರೆ ಸಿಸ್ಟರುಗಳು ನಡೆಸುತ್ತಿದ್ದ ಆ ಅನಾಥ ಮಕ್ಕಳ ಶಾಲೆಗಳಲ್ಲಿ ಬೆಳೆದವರು. ಚಹಾ ಕುಡಿಯುತ್ತೇವೆ, ಬಿಂಗೊ ಆಡುತ್ತೇವೆ, ಶಾಲೆಯ ಮಾತು ಬಂದರೆ ಯಾರಾದರೂ ಎದ್ದು ಬಿಸ್ಕತ್ತು ತರಲು ಹೋಗುತ್ತಾರೆ.

ಅಂಥ ಶಾಲೆಗಳಲ್ಲಿ ಮಕ್ಕಳಿಗೆ ಆದದ್ದಕ್ಕೆ ಐರ್ಲೆಂಡಿನ ನಮ್ಮ ಸರಕಾರ ಕಡೆಗೂ ಕ್ಷಮೆ ಕೇಳಿ ಪರಿಹಾರ ಮಂಡಳಿ ಮಾಡಿರುವುದು ನಿಮಗೂ ಗೊತ್ತಿರುತ್ತದೆ. ನಾನು ಅರ್ಜಿ ಹಾಕಿದ್ದೇನೆ. ಕಿಲ್‌ಮೊರಾನ್ ಶಾಲೆಯಲ್ಲಿ ಜಪಮಾಲೆ ಕಟ್ಟಿಸುತ್ತಿದ್ದ ಮಣಿಕೋಣೆಯಲ್ಲಿ ನನ್ನ ಒಂದು ಕಿವಿ ಹೋಯಿತು. ಇದನ್ನು ಹೇಳಿದರೆ ಡಾಕ್ಟರು ಕಾರ್ಖಾನೆಯ ಸದ್ದಿಗೆ ಹೋಗಿರಬೇಕು, ಇಲ್ಲವೇ ಹುಟ್ಟಿನಿಂದಲೇ ಹಾಗಿರಬೇಕು ಎನ್ನುತ್ತಾರೆ. ನಾನು ಇಪ್ಪತ್ತು ವರ್ಷ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದದ್ದು ನಿಜ. ಆದರೆ ಅಲ್ಲಿಗೆ ಹೋಗುವಾಗಲೇ ಕಿವುಡಿಯಾಗಿದ್ದೆ. ಕಂಡವರು ಒಬ್ಬರು ಎರಡು ಸಾಲು ಬರೆದುಕೊಟ್ಟರೆ ಸಾಕು ಎಂದು ಲಾಯರ್ ಹೇಳುತ್ತಾನೆ. ಹುಟ್ಟಿನಿಂದ ಹೀಗೇ ಎಂದು ಮಂಡಳಿಯವರು ಬರೆದುಬಿಟ್ಟರೆ ನನ್ನ ಬಾಳೆಲ್ಲ ಸುಳ್ಳಾದ ಹಾಗೆ.

ಬೆಂಚಿನಲ್ಲಿ ನನ್ನ ಪಕ್ಕ ಕೂತು ಜಪಮಾಲೆ ಕಟ್ಟುತ್ತಿದ್ದವಳು ಆಟ್ರಾಕ್ಟಾ ಡೆವಾನಿ. ಅದು ನೀವೇ ಅಲ್ಲವೇ?

ಇಂತಿ,
ಡಿಂಪ್ನಾ ಹೆಸ್ಸಿಯನ್


ಕ್ಲೂನ್‌ಡಾರಾ, ಮೇಯೊ, ಐರ್ಲೆಂಡ್
1 ಮಾರ್ಚ್ 2004

ಮಾನ್ಯ ಡಿಂಪ್ನಾ ಹೆಸ್ಸಿಯನ್ ಅವರಿಗೆ,

ನಿಮ್ಮ ಕಾಗದ ತಲುಪಿತು. ನೀವು ಯಾರೋ ಬೇರೆಯವರನ್ನು ನಾನೆಂದು ತಿಳಿದಿದ್ದೀರಿ. ನಾನು ಸ್ಲೈಗೊದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ನೀವು ಹೇಳುವ ಶಾಲೆ ಯಾವುದೆಂದು ನನಗೆ ತಿಳಿಯದು. ಗೊರೆಟ್ಟಿ ಎಂಬವರ ಪರಿಚಯವೂ ಇಲ್ಲ.

ನಿಮಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸುತ್ತೇನೆ. ಅಲ್ಲಿ ಚಳಿ ಜಾಸ್ತಿ ಎಂದು ಕೇಳಿದ್ದೇನೆ. ಎಡಗಿವಿಗೆ ಗಾಳಿ ತಾಗದ ಹಾಗೆ ನೋಡಿಕೊಳ್ಳಿ.

ಇಂತಿ,
ಶ್ರೀಮತಿ ಎ. ಗಿಲ್ರಾಯ್


ಕಾವೆಂಟ್ರಿ
8 ಮಾರ್ಚ್ 2004

ಆಟ್ಟೀ,

ಎಡಗಿವಿ ಎಂದು ನಾನೆಲ್ಲಿ ಬರೆದಿದ್ದೆ, ಮಾರಾಯ್ತಿ? ನಿನ್ನ ಕಾಗದ ಓದಿ ಒಬ್ಬಳೇ ಜೋರಾಗಿ ನಕ್ಕೆ. ಈ ಮನೆಯಲ್ಲಿ ನಗುವಿನ ಸದ್ದು ಕೇಳಿ ಯಾವ ಕಾಲವಾಗಿತ್ತೋ! ಮೇಲಿನ ಮನೆಯವನು ನೆಲ ಕುಟ್ಟಿದ. ನೀನು ಸುಳ್ಳು ಹೇಳುವುದರಲ್ಲಿ ಆಗಲೂ ದಡ್ಡಿ, ಈಗಲೂ ದಡ್ಡಿ. ಸ್ಲೈಗೊದ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನಗೆ ನೆನಪಿದೆ. ನಾನೇ ಹೇಳಿಬಿಡುತ್ತೇನೆ, ನೀನು ಹೌದು ಅಂದರೆ ಸಾಕು. ಎಡಗೈಯಲ್ಲಿ ಇಕ್ಕಳ ಹಿಡಿಯುತ್ತಿದ್ದವಳು ಬೆಂಚಿನಲ್ಲಿ ನಾನೊಬ್ಬಳೇ. ನಾನು ಕಟ್ಟಿದ ಮಾಲೆಗಳಲ್ಲಿ ತಂತಿಯ ಕುಣಿಕೆ ಎಡಕ್ಕೆ ತಿರುಗುತ್ತಿತ್ತು. ಸಿಸ್ಟರ್ ಬೆನಿಗ್ನಾ ದೀಪದ ಕೆಳಗೆ ಮಾಲೆ ಎತ್ತಿ ಹಿಡಿದು, "ದೇವರ ಮಾಲೇನ ದೆವ್ವದ ಕೈಲಿ ಕಟ್ತೀಯೇನೇ?" ಅಂದಳು. ಆಮೇಲೆ ಸೊಂಟದ ಬೀಗದಕೈ ಗೊಂಚಲು ಬಿಚ್ಚಿ ಬೀಸಿದಳು. ನೀನು ಕಾಲುಚೀಲದಿಂದ ಉಣ್ಣೆ ಕಿತ್ತು, ಬಾಯಿಯ ಬಿಸಿ ಊದಿ, ಕಿವಿಯೊಳಗೆ ತುರುಕಿದೆ. "ಅಳ್ಬೇಡ್ವೇ, ಅತ್ರೆ ಇನ್ನೊಂದು ಕಿವೀನೂ ಕೊಡು ಅಂತಾಳೆ" ಅಂದೆ. ರಕ್ತ ಸೋರುತ್ತಿದ್ದರೂ ನಕ್ಕೆನಲ್ಲ! ಆ ಕಿವಿಗೆ ಕಡೆಯದಾಗಿ ಬಿದ್ದ ಮಾತು ನಿನ್ನದೇ ಇರಬೇಕು.

ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನಲ್ಲಿ ವಿಚಾರಣೆ. ನೀನು ಬರುವುದೇನೂ ಬೇಡ. ಕಂಡದ್ದನ್ನು ಬರೆದು ಸಹಿ ಹಾಕಿ ಕಳಿಸು.

ನಿನ್ನ,
ಡಿಂಪ್ನಾ


ಕ್ಲೂನ್‌ಡಾರಾ
2 ಏಪ್ರಿಲ್ 2004

ಡಿಂಪ್ನಾ,

ಇನ್ನು ಮುಂದೆ ಮನೆಗೆ ಕಾಗದ ಬರೆಯಬೇಡ. ಪೇಟೆಯಲ್ಲಿ ಇಟಾ ಫ್ಯಾಲನ್ ಎಂಬವಳ ಹೊಲಿಗೆ ಅಂಗಡಿಯಿದೆ, ಅಲ್ಲಿಗೆ ಹಾಕು. ಅವಳು ಬಾಯಿ ಬಿಡುವವಳಲ್ಲ. ನಿನ್ನ ಹಿಂದಿನ ಕಾಗದವನ್ನು ಅಂಚೆಯವನ ಕೈಯಿಂದ ಗೇಟಿನಲ್ಲೇ ಇಸಿದುಕೊಂಡು ಏಪ್ರನ್ನಿನೊಳಗೆ ಇಟ್ಟೆ. ಮಧ್ಯಾಹ್ನದವರೆಗೂ ಅದು ಹೊಟ್ಟೆಯ ಮೇಲೆ ಕೆಂಡದ ಹಾಗಿತ್ತು.

ಹೌದು, ನಾನೇ. ನನಗೆ ಎಲ್ಲ ನೆನಪಿದೆ. ಆದರೆ ಬರೆದುಕೊಡಲಾರೆ. ನೀನು ಒಬ್ಬಳೇ ಇರುವವಳು, ನಿನಗೆ ತಿಳಿಯುವುದು ಕಷ್ಟ. ನನ್ನ ಗಂಡ ಕೋಲ್ಮನ್ ಒಳ್ಳೆಯವನು, ಮಾತು ಕಡಿಮೆ, ದನಗಳೆಂದರೆ ಜೀವ. ನನಗೆ ಹಿಂದುಮುಂದು ಇಲ್ಲವೆಂದು ಗೊತ್ತಾದರೆ ಮದುವೆ ಬೇಡ ಎಂದಾನು ಅಂತ ಆ ಚಿಕ್ಕಮ್ಮನನ್ನು ಹುಟ್ಟಿಸಿದೆ. ಆಮೇಲೆ ಸಾಯಿಸಲು ಮನಸ್ಸಾಗಲಿಲ್ಲ. ನನ್ನ ಅತ್ತೆ ಇದ್ದಷ್ಟು ಕಾಲ ನಮ್ಮ ಮಗಳು ನೂಲಾ ಹಠ ಮಾಡಿದಾಗಲೆಲ್ಲ, "ಸುಮ್ನಿರ್ತೀಯೋ, ಕಿಲ್‌ಮೊರಾನ್‌ಗೆ ಕಳಿಸ್ಲೋ?" ಎಂದು ಹೆದರಿಸುತ್ತಿದ್ದಳು. ನಾನು ಅಲ್ಲೇ ನಿಂತು ಆಲೂಗೆಡ್ಡೆ ಸುಲಿಯುತ್ತಿದ್ದೆ. ಈ ಊರಿನಲ್ಲಿ ಆ ಹೆಸರಿನ ಬೆಲೆ ಅಷ್ಟು.

ಜೊತೆಗೆ ಈ ಅಕ್ಟೋಬರಿನಲ್ಲಿ ಸರದಿಯ ಪೂಜೆ ನಮ್ಮ ಮನೆಯದು. ನೀನು ದೇಶ ಬಿಟ್ಟು ಎಷ್ಟೋ ಕಾಲವಾಯಿತು, ಮರೆತಿರಬಹುದು. ಪಾದ್ರಿ ಬಂದು ಅಡುಗೆಮನೆಯ ಮೇಜಿನ ಮೇಲೇ ಪೂಜೆ ಹೇಳುತ್ತಾರೆ, ಅಕ್ಕಪಕ್ಕದವರೆಲ್ಲ ಬರುತ್ತಾರೆ, ಆಮೇಲೆ ಎಲ್ಲರಿಗೂ ತಿಂಡಿ. ಎಷ್ಟೋ ವರ್ಷಕ್ಕೊಮ್ಮೆ ನಮ್ಮ ಪಾಳಿ ಬರುತ್ತದೆ. ಮನೆಗೆ ಸುಣ್ಣಬಣ್ಣ, ಹೊಸ ಪರದೆ. ಜನರ ಕಣ್ಣೆಲ್ಲ ನಮ್ಮ ಮೇಲೆಯೇ. ಇದೇ ವರ್ಷ ನಾನು ಬಾಯಿ ಬಿಟ್ಟರೆ ಹೇಗೆ?

ನಿನಗೆ ಕಷ್ಟವಿದ್ದರೆ ಹೇಳು. ಮೊಟ್ಟೆ ಮಾರಿದ ದುಡ್ಡು ನನ್ನದೇ ಸ್ವಂತ ಇದೆ, ಕೋಲ್ಮನ್ ಲೆಕ್ಕ ಕೇಳುವುದಿಲ್ಲ. ಸ್ವಲ್ಪ ಇದರಲ್ಲಿ ಇಟ್ಟಿದ್ದೇನೆ.

ಆಟ್ಟಿ


ಕಾವೆಂಟ್ರಿ
10 ಏಪ್ರಿಲ್ 2004

ಶ್ರೀಮತಿ ಗಿಲ್ರಾಯ್ ಅವರಿಗೆ,

ನಿಮ್ಮ ನೋಟುಗಳನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಕೋಳಿಗಳಿಗೆ ಕಾಳು ಹಾಕಿ. ನಾನು ಬೇಡಿದ್ದು ಇದನ್ನಲ್ಲ.

ಒಬ್ಬಳೇ ಇರುವವಳಿಗೆ ತಿಳಿಯುವುದಿಲ್ಲ ಎಂದಿರಿ. ನಾನೂ ಒಬ್ಬನನ್ನು ಕಟ್ಟಿಕೊಂಡಿದ್ದೆ. ರಾತ್ರಿ ಅವನು ನನ್ನ ಎಡಗಡೆ ಮಲಗಿ ಹೇಳಿದ ಮಾತು ಯಾವುದೂ ನನಗೆ ಕೇಳಿಸುತ್ತಿರಲಿಲ್ಲ. ಏಕೆಂದು ಹೇಳಲು ನನ್ನಿಂದ ಆಗಲಿಲ್ಲ. ಇವಳಿಗೆ ನನ್ನ ಮೇಲೆ ಮನಸ್ಸಿಲ್ಲ ಎಂದುಕೊಂಡು ಅವನು ಹೊರಟುಹೋದ. ಪರದೆಯ ಬಣ್ಣ ಚೆನ್ನಾಗಿ ಆರಿಸಿ.

ಡಿ. ಹೆಸ್ಸಿಯನ್


ಕ್ಲೂನ್‌ಡಾರಾ
30 ಜುಲೈ 2004

ಪ್ರೀತಿಯ ಡಿಂಪ್ನಾ,

ವಾರಕ್ಕೊಮ್ಮೆ ಇಟಾಳ ಅಂಗಡಿಗೆ ಹೋಗುತ್ತೇನೆ. ಹೊಲಿಸಲು ಬಟ್ಟೆ ಮುಗಿದು ಈಗ ಒಳ್ಳೆಯ ಗುಂಡಿಗಳನ್ನೇ ಕಿತ್ತು ತೆಗೆದುಕೊಂಡು ಹೋಗುತ್ತಿದ್ದೇನೆ. ಅವಳು ನನ್ನ ಮುಖ ನೋಡಿ, "ಇವತ್ತೂ ಇಲ್ಲ ಕಣಮ್ಮಾ" ಅನ್ನುತ್ತಾಳೆ.

ಆ ದುಡ್ಡು ಇಟ್ಟದ್ದಕ್ಕೆ ನನಗೇ ನಾಚಿಕೆಯಾಗಿದೆ. ನಿನ್ನ ಗಂಡನ ವಿಷಯ ನನಗೆ ಗೊತ್ತಿರಲಿಲ್ಲ.

ಅಡುಗೆಮನೆಗೆ ತಿಳಿಹಳದಿ ಬಣ್ಣ ಹೊಡೆದಿದ್ದೇವೆ. ಕೋಲ್ಮನ್ ಏಣಿಯ ಮೇಲೆ ಬೈದುಕೊಳ್ಳುತ್ತಲೇ ಹೊಡೆದ. "ಪಾದ್ರಿ ಪೂಜೆ ಹೇಳೋಕೆ ಬರ್ತಾರೋ, ಮನೆ ಕೊಂಡ್ಕೊಳ್ಳೋಕೆ ಬರ್ತಾರೋ?" ಎಂದು ಕೇಳುತ್ತಾನೆ. ಅವನ ಕುರ್ಚಿಯೊಂದನ್ನು ಬಿಟ್ಟು ಎಲ್ಲವನ್ನೂ ಜರುಗಿಸಿದೆವು. ಅದು ಅವನಪ್ಪನ ಕಾಲದಿಂದ ಒಲೆಯ ಎಡಗಡೆ ಕೂತದ್ದು, ಅದನ್ನು ಮುಟ್ಟಿದರೆ ಮುಖ ಊದಿಸುತ್ತಾನೆ. ಬಣ್ಣವನ್ನೂ ಅದರ ಸುತ್ತಲೇ ಹೊಡೆದ.

ಎರಡು ಸಾಲು ಬರೆ. ಬೈದಾದರೂ ಬರೆ.

ಆಟ್ಟಿ


ಕ್ಲೂನ್‌ಡಾರಾ
12 ಸೆಪ್ಟೆಂಬರ್ 2004

ಡಿಂಪ್ನಾ,

ನೀನು ಕೇಳಿದ್ದನ್ನು ನಿನ್ನೆ ಬರೆದೆ. ಬೆಂಚು, ದೀಪ, ಬೀಗದಕೈ ಗೊಂಚಲು, ಉಣ್ಣೆ, ಎಲ್ಲ. ಸಹಿ ಹಾಕುವುದೊಂದು ಉಳಿದಿತ್ತು. ಅಷ್ಟರಲ್ಲಿ ಕೋಲ್ಮನ್ ಕತ್ತರಿ ಹುಡುಕಿಕೊಂಡು ಒಳಗೆ ಬಂದ. ಕೈ ತಾನಾಗಿಯೇ ಹೋಗಿ ಕಾಗದವನ್ನು ಒಲೆಗೆ ಹಾಕಿತು. "ಏನದು?" ಎಂದ. "ಸಾಮಾನಿನ ಚೀಟಿ" ಎಂದೆ. ಅವನು ಕತ್ತರಿ ತೆಗೆದುಕೊಂಡು ಹೋದ.

ಇನ್ನೊಂದು ಸಲ ಬರೆಯಲು ಕೂತೆ, ಆಗಲಿಲ್ಲ. ನಿನ್ನ ವಿಚಾರಣೆಯ ದಿನ ಯಾವುದೆಂದು ನನಗೆ ಗೊತ್ತಿಲ್ಲ. ದಿನಾ ಒಂದೊಂದು ಮೇಣದಬತ್ತಿ ಹಚ್ಚುತ್ತಿದ್ದೇನೆ. ಅದರಿಂದ ನಿನಗೇನೂ ಆಗಬೇಕಾದ್ದಿಲ್ಲವೆಂದು ನನಗೂ ಗೊತ್ತು.

ಆಟ್ಟಿ


ಕಾವೆಂಟ್ರಿ
4 ಅಕ್ಟೋಬರ್ 2004

ಆಟ್ಟಿ,

ನಿನ್ನ ಎರಡೂ ಕಾಗದ ಬಂದಿವೆ. ಮೊದಲು ಕೋಪದಲ್ಲಿ ಉತ್ತರ ಬರೆಯಲಿಲ್ಲ. ಕೋಪ ಇಳಿದ ಮೇಲೆ ಬರೆಯದಿರುವುದೇ ಅಭ್ಯಾಸವಾಗಿತ್ತು.

ವಿಚಾರಣೆ ಮುಗಿಯಿತು. ಒಬ್ಬಳೇ ಹೋಗಿದ್ದೆ. ಬಾಗಿಲಿನವರೆಗಿನದನ್ನು ನಿನಗೆ ಹೇಳಬಹುದು. ಹಡಗಿನಲ್ಲಿ ಫುಟ್‌ಬಾಲ್ ನೋಡಲು ಹೊರಟ ಹುಡುಗರು ಹಾಡುತ್ತಿದ್ದರು. ಒಬ್ಬ ನನ್ನ ಎಡಗಡೆ ಕೂತು ಏನೇನೋ ಹೇಳಿದ, ನಾನು ಹೂಂ ಹೂಂ ಅಂದೆ, ಪಾಪ, ಒಳ್ಳೆಯ ಹುಡುಗ. ಡಬ್ಲಿನ್ನಿನಲ್ಲಿ ಲಿಫ್ಟಿನ ಹತ್ತಿರ ಒಬ್ಬಳು ನನ್ನ ಕೋಟು ಇಸಿದುಕೊಂಡು, "ಕೂತ್ಕೊಳ್ಳಿ ಮೇಡಂ" ಅಂದಳು. ಅದಕ್ಕೆ ಮೊದಲು ನನ್ನನ್ನು ಮೇಡಂ ಎಂದು ಕರೆದವರು ಯಾರೂ ಇಲ್ಲ. ನಾನು ನಿಂತೇ ಇದ್ದೆ. ಅವಳು ಎರಡನೆಯ ಸಲ ಹೇಳಿದ ಮೇಲೆ ಕೂತೆ. ಆಮೇಲೆ ಬಾಗಿಲು ತೆರೆಯಿತು, ಒಳಗೆ ಹೋದೆ, ಬಾಗಿಲು ಮುಚ್ಚಿತು.

ಒಳಗಿನದನ್ನು ಹೇಳುವಂತಿಲ್ಲ. ಏನು ಕೊಟ್ಟರು, ಯಾವುದನ್ನು ನಂಬಿದರು, ಯಾವುದನ್ನು ಬಿಟ್ಟರು, ಕಿವಿಯ ಬಗ್ಗೆ ಏನೆಂದರು, ಒಂದನ್ನೂ ಕೇಳಬೇಡ. ಒಪ್ಪಿಕೊಂಡು ಸಹಿ ಹಾಕಿದ್ದೇನೆ. ಹೊರಗೆ ಆಡಿದರೆ ದಂಡ, ಜೈಲೂ ಇದೆಯಂತೆ. ಲಾಯರ್ ಚಿಕ್ಕ ವಯಸ್ಸಿನವನು. ಅವನನ್ನು ಕೇಳಿದೆ, "ಅಲ್ಲಪ್ಪಾ, ನನ್ನ ಬಾಲ್ಯ ನಂದೇ ತಾನೆ?" ಅವನು, "ಶಾಲೇಲಿ ನಡೆದದ್ದು ನಿಮ್ದೇ. ಈ ಕೋಣೇಲಿ ನಡೆದದ್ದು ಮಾತ್ರ ಹೊರಗೆ ಹೋಗ್ಬಾರ್ದು" ಅಂದ. ಅವನಿಗೆ ಅವು ಎರಡು ಬೇರೆ ಬೇರೆ. ನನಗೆ ಹಾಗಲ್ಲ ಆಟ್ಟಿ. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ನಾನು ಹೇಳಿದ್ದು ಬದುಕಿನಲ್ಲಿ ಒಂದೇ ಸಲ, ಆ ಕೋಣೆಯಲ್ಲಿ. ಈಗ ಕ್ಲಬ್ಬಿನಲ್ಲಿ ಬಾಯಿ ತೆರೆದರೆ ಯಾವ ಮಾತು ಶಾಲೆಯದು, ಯಾವುದು ಕೋಣೆಯದು ಎಂದು ಗೊತ್ತಾಗದೆ ಬಾಯಿ ಮುಚ್ಚುತ್ತೇನೆ. ಎರಡು ವಾರದಿಂದ ಕ್ಲಬ್ಬಿಗೂ ಹೋಗಿಲ್ಲ.

ಇನ್ನೊಂದು ಹೇಳಬೇಕು. ಮರುದಿನ ಹಡಗು ಹತ್ತುವ ಬದಲು ಬಸ್ಸು ಹತ್ತಿ ನಿಮ್ಮ ಊರಿಗೆ ಬಂದಿದ್ದೆ. ಹೊಲಿಗೆ ಅಂಗಡಿಯ ಎದುರಿಗಿರುವ ಚಹಾದಂಗಡಿಯ ಕಿಟಕಿಯಲ್ಲಿ ಕೂತಿದ್ದೆ. ನೀನು ಬಂದೆ. ದಪ್ಪಗಾಗಿದ್ದೀಯ, ಆದರೆ ನಡಿಗೆ ಅದೇ, ಹಿಂದಿನಿಂದ ಯಾರೋ ಕೂಗಿಯಾರು ಎನ್ನುವ ನಡಿಗೆ. ಅಂಗಡಿಯೊಳಗೆ ಹೋಗಿ ಬರಿಗೈಯಲ್ಲಿ ಹೊರಬಂದೆ. ನನ್ನ ಕಾಗದವನ್ನೇ ಕೇಳಲು ಹೋಗಿದ್ದೆಯೇನೋ. ಎದ್ದು ಬರೋಣವೆಂದು ಚೀಲ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಉದ್ದ ಕೋಟಿನವನೊಬ್ಬ ಕಾರಿನಿಂದಿಳಿದು ನಿನ್ನ ಬುಟ್ಟಿ ಇಸಿದುಕೊಂಡ. ಸ್ಲೈಗೊದ ಚಿಕ್ಕಮ್ಮನ ಮಾನ ಉಳಿಯಲಿ ಎಂದು ಕೂತುಬಿಟ್ಟೆ. ನೀವು ಹೋದ ಮೇಲೆ ಮುಂದಿನ ಬಸ್ಸು ಬರುವವರೆಗೂ ಅಲ್ಲೇ ಇದ್ದೆ.

ನಿನ್ನ ಮೇಲೆ ಕೋಪವಿಲ್ಲ. ನೀನು ಯಾವ ಕೋಣೆಗೂ ಹೋಗಿಲ್ಲ, ಏನಕ್ಕೂ ಸಹಿ ಹಾಕಿಲ್ಲ. ನಮ್ಮಿಬ್ಬರಲ್ಲಿ ಬಾಯಿ ಉಳಿದಿರುವವಳು ನೀನೊಬ್ಬಳೇ. ಇದು ನೆನಪಾದಾಗ ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಆಡು ಎಂದು ಹೇಳುತ್ತಿಲ್ಲ. ಇನ್ನು ನಾನು ಬರೆಯುವುದಿಲ್ಲ. ಪೂಜೆ ಚೆನ್ನಾಗಿ ನಡೆಯಲಿ.

ಡಿಂಪ್ನಾ


ಕ್ಲೂನ್‌ಡಾರಾ
24 ಅಕ್ಟೋಬರ್ 2004

ಡಿಂಪ್ನಾ, ನನ್ನ ಡಿಂಪ್ನಾ,

ಆ ದಿನ ನಾನು ಚಹಾದಂಗಡಿಯ ಕಿಟಕಿಯ ಕಡೆ ನೋಡಿದ್ದೆ. ಹಸಿರು ಟೊಪ್ಪಿಯ ಹೆಂಗಸೊಬ್ಬಳು ಕಂಡಳು. ಯಾರೋ ಊರಿಗೆ ಹೊಸಬರು, ಪಾಪ, ಒಬ್ಬರೇ ಇದ್ದಾರೆ ಎಂದುಕೊಂಡು ಕಾರು ಹತ್ತಿದೆ. ನಿನ್ನ ಕಾಗದ ಓದಿದ ಮೇಲೆ ಆ ಟೊಪ್ಪಿ ಕಣ್ಣಿನಿಂದ ಹೋಗುತ್ತಿಲ್ಲ.

ಮೊನ್ನೆ ಶುಕ್ರವಾರ ಪೂಜೆ ಆಯಿತು. ಹೇಗಾಯಿತೆಂದು ಕ್ರಮವಾಗಿ ಹೇಳುತ್ತೇನೆ. ಹೊಸ ಪಾದ್ರಿ ಹುಡುಗ, ಹಳದಿ ಗೋಡೆಯನ್ನು ಹೊಗಳಿದರು. ಅಡುಗೆಮನೆ ತುಂಬ ಜನ ಮೊಣಕಾಲೂರಿ ಕೂತಿದ್ದರು. ಪೂಜೆ ಮುಗಿದು ನಾನು ಬ್ರೆಡ್ಡು ಕೊಯ್ಯುತ್ತಿದ್ದೆ. ಪಕ್ಕದ ಮನೆಯ ಬ್ರೈಡಿ ಲಾಫ್ಟಸ್ ಅಜ್ಜಿ ಏಳುವಾಗ ಅವಳ ಜಪಮಾಲೆ ಕುರ್ಚಿಯ ಕೈಗೆ ಸಿಕ್ಕಿ ಹರಿಯಿತು. ಅರ್ಧದಷ್ಟು ಮಣಿಗಳು ನೆಲದ ಮೇಲೆ ಉರುಳಿದವು. "ಅಯ್ಯೋ, ನನ್ನ ಮದುವೆಗೆ ಕೊಟ್ಟ ಮಾಲೆ!" ಎಂದು ಅಜ್ಜಿ ಅಳುವುದಕ್ಕೇ ಶುರುಮಾಡಿದಳು.

ನನಗೆ ಯೋಚನೆಯೇ ಬರಲಿಲ್ಲ. ಬಗ್ಗಿ ಮಣಿ ಆಯ್ದೆ, ಮೇಜಿನ ತುದಿಗೆ ಕೂತು ಉಗುರಿನಿಂದಲೇ ಕುಣಿಕೆ ತಿರುಗಿಸಿ ಕೂಡಿಸುತ್ತ ಹೋದೆ. ಇಕ್ಕಳ ಸಿಗದಿದ್ದಾಗ ನಾವು ಮಾಡುತ್ತಿದ್ದ ಹಾಗೆಯೇ. ಕೈ ನೋಡದೆಯೇ ಮಾಡುತ್ತಿತ್ತು. ಮುಗಿಸಿ ತಲೆಯೆತ್ತಿದರೆ ಮನೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಪಾದ್ರಿಗಳು ನಗುತ್ತ, "ಅಕ್ಕಸಾಲಿಗರ ಕೈ ನಿಮ್ದು" ಎಂದರು. ಅಜ್ಜಿ ನಗಲಿಲ್ಲ. ಈ ಸೀಮೆಯಲ್ಲಿ ಅವಳ ವಯಸ್ಸಿನವರಿಗೆ ಜಪಮಾಲೆ ಎಲ್ಲಿಂದ ಬರುತ್ತಿತ್ತೆಂದು ಗೊತ್ತು. "ಇದನ್ನ ಎಲ್ಲಿ ಕಲ್ತೆ, ಮಗಳೇ?" ಎಂದು ಕೇಳಿದಳು.

ಸ್ಲೈಗೊದ ಚಿಕ್ಕಮ್ಮ ನಾಲಿಗೆಯ ತುದಿಗೆ ಬಂದಳು. ಆಗ ಕೈಯಲ್ಲಿದ್ದ ಮಾಲೆ ನೋಡಿದೆ. ನಾನು ಕೂಡಿಸಿದ ಕುಣಿಕೆಗಳು ಬಲಕ್ಕೆ ತಿರುಗಿದ್ದವು. ಹರಿಯದೆ ಉಳಿದ ಹಳೆಯವೆಲ್ಲ ಎಡಕ್ಕೆ. ಅದು ನಿನ್ನ ಕೈಯದೆಂದು ನಾನು ಆಣೆ ಮಾಡಲಾರೆ. ನಮಗಿಂತ ಹಿಂದೆ, ಮುಂದೆ, ಎಡಗೈಯ ಹುಡುಗಿಯರು ಎಷ್ಟು ಜನರಿದ್ದರೋ. ಆದರೆ ಯಾವಳೋ ಒಬ್ಬಳಿಗೆ ಇದಕ್ಕೆ ಏಟು ಬಿದ್ದಿತ್ತು.

"ಕಿಲ್‌ಮೊರಾನ್‌ನಲ್ಲಿ ಕಲ್ತೆ, ಬ್ರೈಡಮ್ಮಾ. ಹತ್ತು ವರ್ಷ ಅಲ್ಲಿದ್ದೆ. ಚಿಕ್ಕಮ್ಮ ಗಿಕ್ಕಮ್ಮ ಯಾರೂ ಇರ್ಲಿಲ್ಲ" ಅಂದೆ.

ಆಮೇಲೆ ನಿಲ್ಲಿಸಲಾಗಲಿಲ್ಲ. ನಿನ್ನದನ್ನೂ ಹೇಳಿದೆ. ಸಿಸ್ಟರ್ ಬೆನಿಗ್ನಾಳ ಹೆಸರು, ಬೀಗದಕೈ ಗೊಂಚಲು, ಉಣ್ಣೆ, ಡಿಂಪ್ನಾ ಹೆಸ್ಸಿಯನ್ ಎಂಬ ನನ್ನ ಗೆಳತಿ, ಅವಳ ಎಡಗಿವಿ. ನಾನು ಕಣ್ಣಾರೆ ಕಂಡಿದ್ದೇನೆ ಎಂದು ಎಲ್ಲರೆದುರಿಗೆ, ಪಾದ್ರಿಯ ಎದುರಿಗೆ ಹೇಳಿದೆ. ನೀನು ಎರಡು ಸಾಲು ಕೇಳಿದ್ದೆ. ಬೇಕಾದಾಗ ಕೊಡಲಿಲ್ಲ. ಮಂಡಳಿಗೆ ಇದು ಯಾವ ಉಪಯೋಗಕ್ಕೂ ಬಾರದು, ನನಗೆ ಗೊತ್ತು.

ಯಾರೂ ನನ್ನನ್ನು ತಬ್ಬಿಕೊಳ್ಳಲಿಲ್ಲ, ಯಾರೂ ಬೈಯಲೂ ಇಲ್ಲ. ಕೋಲ್ಮನ್‌ನ ತಂಗಿ ಊನಾ, "ಹಳೇದನ್ನೆಲ್ಲ ಇವತ್ತೇ ಯಾಕೆ ಕೆದಕ್ಬೇಕಿತ್ತು?" ಎಂದು ಕೋಟು ಹಾಕಿಕೊಂಡಳು. ಪಾದ್ರಿಗಳು ಕಪ್ಪು ಹಿಡಿದುಕೊಂಡು ಕೆಂಪಗಾಗಿ ಕೂತಿದ್ದರು. ತಿಂಡಿಗೆಂದು ಬೇಯಿಸಿಟ್ಟ ಮೊಟ್ಟೆಗಳು ಹಾಗೆಯೇ ಉಳಿದವು. ಬ್ರೈಡಿ ಅಜ್ಜಿಯೊಬ್ಬಳು ಮಾಲೆಯನ್ನು ಮೇಜಿನ ಮೇಲಿಟ್ಟು, "ಇಷ್ಟು ವರ್ಷ ಇದನ್ನ ಹಿಡ್ಕೊಂಡು ಏನೇನು ಬೇಡ್ಕೊಂಡ್ನೋ. ಕಟ್ಟಿದೋಳಿಗಾಗಿ ಒಂದ್ಸಲಾನೂ ಬೇಡ್ಕೊಳ್ಲಿಲ್ಲ" ಎಂದಳು. ಅದನ್ನು ತೆಗೆದುಕೊಂಡು ಹೋಗಲಿಲ್ಲ. ನಿನಗೆ ಕೊಡಲು ಹೇಳಿದ್ದಾಳೆ. ಅಂಚೆಯಲ್ಲಿ ಕಳಿಸುವುದಿಲ್ಲ, ನೀನೇ ಬಂದು ತೆಗೆದುಕೋ.

ನೂಲಾ ಫೋನಿನಲ್ಲಿ ಅತ್ತಳು, ಆಮೇಲೆ ಮಾಡಿಲ್ಲ. ಎರಡು ದಿನದಿಂದ ಗೇಟು ತೆರೆದು ಯಾರೂ ಬಂದಿಲ್ಲ. ಇಷ್ಟು ವರ್ಷ ಮನೆ ತುಂಬ ಜನರ ನಡುವೆ ಒಬ್ಬಳೇ ಇದ್ದೆ, ಈಗ ಖಾಲಿ ಮನೆಯಲ್ಲಿ ಒಬ್ಬಳೇ ಇದ್ದೇನೆ. ಇದೇ ವಾಸಿ ಅನ್ನಿಸುತ್ತದೆ, ಆದರೂ ಒಂದೊಂದು ಸಲ ಹೆದರಿಕೆಯಾಗುತ್ತದೆ. ಇಂಥ ಹೊತ್ತಿನಲ್ಲಿ ಬೆಂಚಿನಲ್ಲಿ ಪಕ್ಕಕ್ಕೆ, ನಿನ್ನ ಕಡೆ ತಿರುಗಿ ನೋಡುವುದೇ ಅಭ್ಯಾಸ.

ಕೋಲ್ಮನ್ ಪೂಜೆಯ ದಿನ ದನಗಳ ಹತ್ತಿರ ಹೋದವನು ಕತ್ತಲಾದ ಮೇಲೆ ಬಂದ. ಉಂಡು ಮಲಗಿದ. ನಿನ್ನೆಯೂ ಮಾತಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಕೇಳಿದ, "ಆ ನಿನ್ನ ಗೆಳತಿ ಬಂದ್ರೆ ನಾನು ಯಾವ ಕಡೆ ಕೂತು ಮಾತಾಡ್ಬೇಕು?"

"ಅವಳ ಬಲಗಡೆ" ಅಂದೆ.

ಅವನು ಲೋಟ ಕೆಳಗಿಟ್ಟು ಎದ್ದ. ಅಪ್ಪನ ಆ ಕುರ್ಚಿಯನ್ನು ಎತ್ತಿ ಒಲೆಯ ಬಲಗಡೆಗೆ ಇಟ್ಟ. ಅದಿದ್ದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಹಾಗೆಯೇ ಕಾಣುತ್ತಿದೆ. ಅಲ್ಲಿ ನಿನಗೊಂದು ಕುರ್ಚಿ ಹಾಕಿದ್ದೇನೆ.

ಇನ್ನು ಕಾಗದ ಮನೆಗೇ ಬರೆ.

ಆಟ್ಟಿ